ಜೇಬಿನಲ್ಲಿ ಅವ್ವನ ಹೊಲ

ಕೆಲವರಿಗೆ ಹಾಡಲು ಬರುತ್ತದೆ, ಕೆಲವರಿಗೆ ವ್ಯವಹಾರ ಬರುತ್ತದೆ. ನನಗೆ ಬರುವುದು ಒಂದೇ. ಟೀವಿಯಿಂದಲೂ ಮೊಬೈಲ್ ಗೇಮಿನಿಂದಲೂ ಮನುಷ್ಯನ ಸಮಯ ಹೇಗೆ ಹಾಳಾಗುತ್ತದೆ ಎಂಬ ವಿಷಯದ ಮೇಲೆ ಮುಕ್ಕಾಲು ತಾಸು ಚೀಟಿ ನೋಡದೆ ಮಾತಾಡಬಲ್ಲೆ. ದಾಸನಕೊಪ್ಪದ ಕಡೆಯ ಒಂದು ಹೈಸ್ಕೂಲಿನಲ್ಲಿ ಕನ್ನಡ ಕಲಿಸುವ ನನ್ನನ್ನು ಪಾಲಕರ ಸಭೆಗೆ, ಮಹಿಳಾ ಸಂಘದ ವಾರ್ಷಿಕೋತ್ಸವಕ್ಕೆ, ಬೇರೆ ಯಾರೂ ಸಿಗದಿದ್ದರೆ ಕ್ರೀಡಾಕೂಟದ ಉದ್ಘಾಟನೆಗೂ ಇದೇ ವಿಷಯಕ್ಕಾಗಿ ಕರೆಯುತ್ತಾರೆ. ಶಿರಸಿಯಲ್ಲಿ ಆಡಿದ್ದನ್ನೇ ಸಿದ್ದಾಪುರದಲ್ಲಿ ಆಡಿದ್ದೇನೆ. ಸಿದ್ದಾಪುರದ್ದನ್ನು ಯಲ್ಲಾಪುರಕ್ಕೆ ಒಯ್ಯುವಾಗ ನಡುವೆ ಒಂದು ಜೋಕು ಸೇರಿಸಿದ್ದೇನೆ. ಎಲ್ಲ ಕಡೆಯೂ ಚಪ್ಪಾಳೆ ಬಿದ್ದಿದೆ. ಚಪ್ಪಾಳೆ ತಟ್ಟಿದವರೆಲ್ಲ ನೆಟ್ಟಗೆ ಮನೆಗೆ ಹೋಗಿ ಟೀವಿ ಹಾಕುತ್ತಾರೆ ಎಂಬುದೂ ನನಗೆ ಗೊತ್ತಿದೆ. ನನಗೀಗ ಐವತ್ತನಾಲ್ಕು. ಜನರ ಸಮಯ ಉಳಿಸಲು ಹೋಗಿ ನನ್ನ ಸಮಯವೆಷ್ಟು ಹೋಯಿತು ಎಂದು ಯೋಚಿಸಿದರೆ ಕೂತಲ್ಲೇ ಸುಸ್ತಾಗುತ್ತದೆ.

ಮನೆಯಲ್ಲಿ ನನ್ನ ಭಾಷಣಕ್ಕೆ ಬೆಲೆ ಇರಲಿಲ್ಲ ಎಂದು ಬೇರೆ ಹೇಳಬೇಕಾಗಿಲ್ಲ. ಇಸಳೂರಿನಲ್ಲಿ ನಾವು ಕಟ್ಟಿಸಿದ ಚಿಕ್ಕ ಮನೆಯಲ್ಲಿ ಒಂದು ಟೀವಿ ಇದೆ. ಹೆಂಡತಿ ಶೈಲಾ ಸಂಜೆ ರೊಟ್ಟಿ ಬಡಿಯುತ್ತ ಒಂದು ಧಾರಾವಾಹಿ ನೋಡುತ್ತಾಳೆ. ಅದು ವ್ಯರ್ಥ ಎಂದು ನಾನು ಹೇಳುತ್ತೇನೆ. ಆಮೇಲೆ ರಿಮೋಟು ನನ್ನ ಕೈಗೆ ಬರುತ್ತದೆ. ನಾಲ್ಕು ಜನ ಒಬ್ಬರ ಮೇಲೊಬ್ಬರು ಕೂಗಾಡುವ ಚರ್ಚೆಯನ್ನು ನಾನು ಒಂದೂವರೆ ತಾಸು ನೋಡುತ್ತೇನೆ. ಅದು ಜ್ಞಾನ. "ಇಷ್ಟು ವರ್ಷದ ಜ್ಞಾನದಾಗ ನಿಮಗ ಏನ್ ತಿಳೀತ್ರಿ?" ಎಂದು ಶೈಲಾ ಒಮ್ಮೆ ಕೇಳಿದ್ದಳು. ಅವಳು ಕೇಳಿದ ಧಾಟಿಯಲ್ಲಿ ಸಿಟ್ಟೂ ಇರಲಿಲ್ಲ, ಚೇಷ್ಟೆಯೂ ಇರಲಿಲ್ಲ, ನಿಜಕ್ಕೂ ತಿಳಿದುಕೊಳ್ಳುವ ಆಸೆ ಇತ್ತು. ಅದಕ್ಕೇ ನಾನು ಟೀವಿಯ ದನಿ ಏರಿಸಿದೆ. ಮಗಳು ಪ್ರೀತಿ ಹತ್ತನೆಯ ತರಗತಿ. ಅವಳಿಗೆ ಮೊಬೈಲು ಇಲ್ಲ. ಇದು ನಾನು ಮಾಡಿದ ಕಾನೂನು, ಮತ್ತು ಮುಂದಿನ ಎಲ್ಲ ಫಜೀತಿಗೂ ಈ ಕಾನೂನೇ ಮೂಲ.

ಶ್ರಾವಣದಲ್ಲಿ ಅವ್ವ ನಮ್ಮಲ್ಲಿಗೆ ಬಂದಳು. ಅವಳು ಇರುವುದು ಬನವಾಸಿ ದಾರಿಯ ನಮ್ಮೂರಿನಲ್ಲಿ, ಹೊಲ ನೋಡಿಕೊಳ್ಳುವ ನನ್ನ ಅಣ್ಣನ ಜೊತೆ. ಅರವತ್ತು ವರ್ಷ ಹೊಲದಲ್ಲಿ ಕೂತು ಎದ್ದ ಮೊಣಕಾಲಿಗೆ ಹುಬ್ಬಳ್ಳಿಯಲ್ಲಿ ಆಪರೇಶನ್ ಮಾಡಿಸಿದೆವು. ಆಮೇಲೆ ವ್ಯಾಯಾಮ ಮಾಡಿಸುವವರು ಶಿರಸಿಯಲ್ಲಿದ್ದದ್ದರಿಂದ ಇಸಳೂರಿಗೆ ಕರೆತಂದೆವು. ಡಾಕ್ಟರು ಸ್ಪಷ್ಟವಾಗಿ ಹೇಳಿದ್ದರು: ದಿನಕ್ಕೆ ಮೂರು ಹೊತ್ತು ನಡೆಯಬೇಕು, ನಡೆಯದಿದ್ದರೆ ಕಾಲು ಬಿಗಿದುಕೊಳ್ಳುತ್ತದೆ, ಆಮೇಲೆ ನನ್ನನ್ನು ಕೇಳಬೇಡಿ. ಅವ್ವ ಅವರಿಗೆ ಒಂದೇ ಪ್ರಶ್ನೆ ಹಾಕಿದ್ದಳು. "ಶೀಗಿ ಹುಣ್ಣಿವಿಗೆ ಹೊಲಕ್ಕ ಹೋಗಾಕ ಆಗತೈತೇನ್ರಿ?" ಆ ಹುಣ್ಣಿಮೆಯ ದಿನ ಬೆಳೆ ತುಂಬಿನಿಂತ ಹೊಲಕ್ಕೆ ಮನೆಮಂದಿಯೆಲ್ಲ ಬುತ್ತಿ ಕಟ್ಟಿಕೊಂಡು ಹೋಗುವುದು, ಭೂಮಿತಾಯಿಗೆ ಪೂಜೆ ಮಾಡಿ ನೈವೇದ್ಯದ ಅಡುಗೆಯನ್ನು ಚರಗವೆಂದು ಹೊಲದ ಸುತ್ತ ಚೆಲ್ಲುವುದು ನಮ್ಮ ಕಡೆಯ ಪದ್ಧತಿ. ಮದುವೆಯಾಗಿ ಬಂದಾಗಿನಿಂದ ಅವ್ವ ಒಂದು ವರ್ಷವೂ ತಪ್ಪಿಸಿದವಳಲ್ಲ. ರಸ್ತೆ ಮುಗಿದ ಮೇಲೆ ಹೊಲಕ್ಕೆ ಬದುವಿನ ಮೇಲೆ ನಡೆದೇ ಹೋಗಬೇಕು, ಗಾಡಿ ಹೋಗುವುದಿಲ್ಲ. "ನಡೆದರೆ ಆಗತೈತಿ, ಕೂತರೆ ಇಲ್ಲ" ಎಂದರು ಡಾಕ್ಟರು.

ಅವ್ವ ಕೂತಳು. ಊರಿನಲ್ಲಿ ಅವಳು ಎಂದೂ ನಡೆಯುವುದಕ್ಕಾಗಿ ನಡೆದವಳಲ್ಲ. ಹುಲ್ಲು ತರಲು, ಬಿತ್ತಲು, ಕಳೆ ತೆಗೆಯಲು ನಡೆದವಳು. ಇಸಳೂರಿನ ಹೊಸ ಮನೆಗಳ ನಡುವೆ ಸುಮ್ಮನೆ ಹೋಗಿ ಸುಮ್ಮನೆ ಬರುವುದು ಅವಳಿಗೆ ಹುಚ್ಚರ ಕೆಲಸವಾಗಿ ಕಂಡಿತು. "ಕೈಯಾಗ ಏನೂ ಇಲ್ಲದ ಎಲ್ಲಿಗಂತ ಹೋಗ್ಲಿ? ಮಂದಿ ಏನಂದಾರು?" ಎಂದಳು. ಬೇಸರ ಕಳೆಯಲಿ ಎಂದು, ಎದೆ ಕಲ್ಲುಮಾಡಿಕೊಂಡು, ಟೀವಿ ಹಾಕಿಕೊಟ್ಟೆ. ಶೈಲಾಳ ಧಾರಾವಾಹಿಯನ್ನು ಅವ್ವ ಮೂರು ದಿನ ನೋಡಿದಳು. ನಾಲ್ಕನೆಯ ದಿನ, "ಈ ಮನ್ಯಾಗ ಎಂಟು ಮಂದಿ ಅದಾರ, ಒಬ್ಬರೂ ಒಂದ ಕೆಲಸ ಮಾಡವಲ್ಲರು. ಊಟಕ್ಕ ಮಾತ್ರ ಎಲ್ಲಾರೂ ಬರತಾರ. ಇವರಿಗೆ ಜ್ವಾಳ ಎಲ್ಲಿಂದ ಬರತೈತಿ?" ಎಂದು ಗೋಡೆಯ ಕಡೆ ತಿರುಗಿ ಮಲಗಿಬಿಟ್ಟಳು. ನನ್ನ ಮುಕ್ಕಾಲು ತಾಸಿನ ಭಾಷಣದಲ್ಲಿ ಇಷ್ಟು ಗಟ್ಟಿಯಾದ ಒಂದು ಮಾತೂ ಇರಲಿಲ್ಲ. ಮುಂದೆ ಯಲ್ಲಾಪುರದಲ್ಲಿ ಅದನ್ನು ನನ್ನದೇ ಎಂಬಂತೆ ಬಳಸಿಕೊಂಡೆ.

ಆಗ ಪ್ರೀತಿ ಒಂದು ಉಪಾಯ ಮಾಡಿದಳು. ಮೊಬೈಲಿನಲ್ಲಿ ಒಕ್ಕಲುತನದ ಆಟವೊಂದಿದೆಯಂತೆ. ಒಂದು ತುಂಡು ಹೊಲ ಕೊಡುತ್ತಾರೆ, ಉಳಬೇಕು, ಬಿತ್ತಬೇಕು, ನೀರು ಬಿಡಬೇಕು, ಬೆಳೆ ಬಂದ ಮೇಲೆ ಕೊಯ್ಯಬೇಕು. ಯಾರ ಮೊಬೈಲಿಗೆ ಹಾಕುವುದು? ಮಗಳಿಗೆ ಇಲ್ಲ, ಶೈಲಾಳದ್ದು ಅವಳ ಅಂಚೆ ಕಚೇರಿಯ ಕೆಲಸಕ್ಕೆ ಬೇಕು, ಅವ್ವನದ್ದು ಗುಂಡಿ ಒತ್ತುವ ಹಳೆಯ ಫೋನು. ಉಳಿದದ್ದು ನನ್ನದು. "ಸಾಧ್ಯವೇ ಇಲ್ಲ" ಎಂದೆ. ಅವ್ವ ಮಲಗಿದ್ದಲ್ಲಿಂದಲೇ ಕತ್ತು ಎತ್ತಿ, "ಎಷ್ಟ್ ಎಕರೆ ಐತಂತ?" ಎಂದು ಮೊಮ್ಮಗಳನ್ನು ಕೇಳಿದಳು. ಇಸಳೂರಿಗೆ ಬಂದಮೇಲೆ ಅವಳು ಆಸೆಯಿಂದ ಕೇಳಿದ ಮೊದಲ ಪ್ರಶ್ನೆ ಅದು. ನಾನು ಮೊಬೈಲು ಕೊಟ್ಟೆ.

ಅವ್ವನಿಗೆ ಓದು ಬಾರದು, ಆದರೆ ಆ ಆಟದಲ್ಲಿ ಓದುವಂಥದ್ದೂ ಇರಲಿಲ್ಲ. ಗೋವಿನಜೋಳದ ಚಿತ್ರ ಒತ್ತಿದರೆ ಗೋವಿನಜೋಳ. ಉಳಲು ಟ್ರ್ಯಾಕ್ಟರೂ ಇತ್ತು, ಜೋಡಿ ಎತ್ತೂ ಇದ್ದವು. ಟ್ರ್ಯಾಕ್ಟರು ಬೇಗ ಉಳುತ್ತದೆ ಎಂದು ಪ್ರೀತಿ ಹೇಳಿದರೂ ಅವ್ವ ಎತ್ತನ್ನೇ ಆರಿಸಿದಳು, ಅವಕ್ಕೆ ಬಸ್ಯಾ, ಮಲ್ಯಾ ಎಂದು ಹೆಸರಿಟ್ಟಳು. ಕಣ್ಣಿಗೆ ಕಾಡಿಗೆ ಹಚ್ಚಿದಂತಿದ್ದ ಆ ಎತ್ತುಗಳನ್ನು ನೋಡಿ, "ಮೈ ಭಾಳ ಬೆಳಸ್ಯಾರ, ಕೆಲಸ ಕಡಿಮಿ" ಎಂದು ತಪ್ಪನ್ನೂ ಹಿಡಿದಳು. ಬಿತ್ತಿದ ಮೇಲೆ ಬೆಳೆ ಬರಲು ಎರಡು ಮೂರು ತಾಸು ಬೇಕು. ಮಕ್ಕಳಾದರೆ ಅಷ್ಟು ಹೊತ್ತು ಬೇರೆ ಆಟ ಆಡುತ್ತಾರೆ. ಅವ್ವ ಕೋಲು ಹಿಡಿದು ಎದ್ದಳು. ಎಲ್ಲಿಗೆ ಎಂದು ಕೇಳಿದರೆ, "ಬಿತ್ತಿದ ಮ್ಯಾಲ ಹೊಲಾ ಒಂದ ಸುತ್ತ ಹಾಕಿ ಬರಬೇಕಲೋ, ಹಂಗ ಕುಂದರಾಕ ಬರತೈತೇನು?" ಎಂದು ಮನೆಯ ಸುತ್ತ ಒಂದು ಸುತ್ತು ಹಾಕಿದಳು. ನೀರು ಬಿಟ್ಟು ಇನ್ನೊಂದು ಸುತ್ತು, ಕೊಯ್ಯುವ ಮುಂಚೆ ಮತ್ತೊಂದು. ಹದಿನೈದು ದಿನದಲ್ಲಿ ಕೋಲು ಮೂಲೆ ಸೇರಿತು. ವ್ಯಾಯಾಮದವರು ನನ್ನ ಕೈ ಕುಲುಕಿ, "ಹೆಂಗ್ ನಡಿಸಿದ್ರಿ ಮಾಸ್ತರ್ರೆ?" ಎಂದು ಕೇಳಿದರು. ವಿಡಿಯೋ ಗೇಮ್ ಆಡಿಸಿದೆ ಎಂದು ಹೇಳಲು ನಾಲಿಗೆ ಹೊರಳಲಿಲ್ಲ. ತಾಯಿಗೆ ತಿಳಿಹೇಳಿದೆ ಎಂದೆ.

ತೊಂದರೆ ಏನೆಂದರೆ, ಬೆಳಿಗ್ಗೆ ನಾನು ಬೈಕು ಹತ್ತಿ ಶಾಲೆಗೆ ಹೊರಟರೆ ಅವ್ವನ ಹೊಲವೂ ನನ್ನ ಅಂಗಿಯ ಜೇಬಿನಲ್ಲಿ ಹೊರಡುತ್ತಿತ್ತು. ಹನ್ನೊಂದಕ್ಕೆ ಅವಳ ಗುಂಡಿ ಫೋನಿನಿಂದ ಕರೆ ಬರುತ್ತಿತ್ತು. "ಗೋವಿನಜ್ವಾಳಕ್ಕ ನೀರ ಬಿಟ್ಟೀಯೇನಪಾ?" ನಾನು ದನಿ ತಗ್ಗಿಸಿ, "ಪಾಠ ಐತವ್ವಾ" ಎನ್ನುತ್ತಿದ್ದೆ. "ಹುಡುಗರು ಎಲ್ಲಿ ಓಡಿ ಹೊಕ್ಕಾರು? ಬೆಳಿ ಒಣಗತೈತಿ." ಹಾಗಾಗಿ ಬಿಡುವಿನ ಅವಧಿಯಲ್ಲಿ, ಶಿಕ್ಷಕರ ಕೋಣೆಯ ಕಪಾಟಿನ ಕಡೆ ಮುಖ ಮಾಡಿ ನಿಂತು ನೀರು ಬಿಡತೊಡಗಿದೆ. ಆ ಕಪಾಟಿನಲ್ಲಿ ಹುಡುಗರಿಂದ ನಾನು ಕಸಿದುಕೊಂಡಿಟ್ಟ ಮೂರು ಮೊಬೈಲುಗಳಿದ್ದವು. ಇನ್ನೊಂದು ಮಾತನ್ನೂ ಒಪ್ಪಿಕೊಳ್ಳಬೇಕು. ಹುಡುಗನಾಗಿದ್ದಾಗ ನಾನು ಹೊಲದ ಕಡೆ ತಲೆ ಹಾಕಿದವನಲ್ಲ. ಕೆಲಸದ ಹೊತ್ತಿಗೆ ಸರಿಯಾಗಿ ಪುಸ್ತಕ ಹಿಡಿಯುತ್ತಿದ್ದೆ. ಅಪ್ಪ ಕೂಗಿದರೆ ಅವ್ವ, "ಅವ ಓದಾಕ ಹತ್ಯಾನ, ಬಿಡ್ರಿ" ಎಂದು ಅಡ್ಡ ಬರುತ್ತಿದ್ದಳು. ನನ್ನ ಪಾಲಿನ ಕೆಲಸವನ್ನು ಆ ಮೊಣಕಾಲೇ ಮಾಡಿತ್ತು. ಐವತ್ತನಾಲ್ಕನೆಯ ವಯಸ್ಸಿನಲ್ಲಿ, ಕಪಾಟಿನ ಮುಂದೆ ನಿಂತು, ನಾನು ಮೊದಲ ಸಲ ಅವಳ ಹೊಲಕ್ಕೆ ನೀರು ಬಿಟ್ಟೆ. ಮೊದಮೊದಲು ಬೇಜಾರಿನಿಂದ. ಆಮೇಲೆ ಅವಳು ಕರೆ ಮಾಡುವ ಮೊದಲೇ.

ಸೋಮವಾರ ಮಾತ್ರ ಆ ಹೊಲಕ್ಕೆ ರಜೆ. ನಮ್ಮಲ್ಲಿ ಸೋಮವಾರ ಎತ್ತು ಹೂಡುವುದಿಲ್ಲ. ಅದು ಬಸವಣ್ಣನ ವಾರ, ಎತ್ತಿಗೆ ಮೈ ತೊಳೆದು ಕೈ ಮುಗಿದು ಬಿಟ್ಟುಬಿಡುತ್ತಾರೆ. ಮಳೆ ಬರಲಿ, ಹದ ತಪ್ಪಲಿ, ಅಪ್ಪ ಒಂದು ಸೋಮವಾರವೂ ನೊಗ ಮುಟ್ಟಿದವನಲ್ಲ. ಅವ್ವ ಮೊಬೈಲಿಗೂ ಅದೇ ಕಟ್ಟಳೆ ಹಾಕಿದಳು. ಆಟ ಮಾಡಿದವರಿಗೆ ಇದು ಹೇಗೆ ಗೊತ್ತಿರಬೇಕು? ಅವರು ಸೋಮವಾರವೇ ಬಂಪರ್ ಬೆಳೆ ಇಟ್ಟಿದ್ದರು. ಆ ದಿನ ಉತ್ತು ಬಿತ್ತಿದರೆ ಎರಡರಷ್ಟು ಬರುತ್ತದೆ, ಜೊತೆಗೆ ಒಂದು ಕೆಂಪು ಹೆಂಚಿನ ಕೊಟ್ಟಿಗೆ ಬಹುಮಾನ. "ಅಜ್ಜಿ, ಇದೊಂದ ಸಲ" ಎಂದು ಪ್ರೀತಿ ಗೋಗರೆದಳು. ಅವ್ವ ಮೊಬೈಲನ್ನು ತಿರುಗಿಸಿ ಇಟ್ಟಳು. "ಕೊಟ್ಟಿಗಿ ಆಸೇಕ್ಕ ಬಸವಣ್ಣನ ಕೊರಳಿಗೆ ನೊಗಾ ಹಾಕೂದೇನು?"

ಈಗ ನನ್ನ ಪಾಪ. ಭಾದ್ರಪದದ ಒಂದು ಸೋಮವಾರ, ಮೂರನೆಯ ಅವಧಿ ಬಿಡುವು. ಹೊಲ ಖಾಲಿ ಬಿದ್ದಿದೆ, ಎತ್ತುಗಳು ಸುಮ್ಮನೆ ಬಾಲ ಬೀಸುತ್ತಿವೆ, ಆ ಕೆಂಪು ಕೊಟ್ಟಿಗೆ ಮಿನುಗುತ್ತಿದೆ. ಅವ್ವನಿಗೆ ಕೊಟ್ಟಿಗೆ ಕಂಡರೆ ಖುಷಿಯಾದೀತು ಎಂದು ಮನಸ್ಸಿಗೆ ಹೇಳಿಕೊಂಡೆ. ನಿಜ ಹೇಳುವುದಾದರೆ ಆ ಕೊಟ್ಟಿಗೆ ನನಗೆ ಬೇಕಾಗಿತ್ತು. ಎತ್ತು ಒತ್ತಿದೆ, ಉತ್ತೆ, ಬಿತ್ತಿದೆ. ಬೆನ್ನ ಹಿಂದೆ ಯಾರೋ ಉಸಿರು ಬಿಟ್ಟಂತಾಯಿತು. ವಿಜ್ಞಾನ ಕಲಿಸುವ ಹೆಗಡೆ ಮಾಸ್ತರು, ಯಲ್ಲಾಪುರದ ಕಡೆಯವರು, ನನ್ನ ಭಾಷಣವನ್ನು ಎರಡು ಸಲ ಕೇಳಿ ಸಹಿಸಿಕೊಂಡವರು. "ಎಂತದ್ರೋ ಇದು ಮಾಸ್ತರ್ರೆ?" ಎಂದರು. "ತಾಯಿಯವರದ್ದು" ಎಂದೆ. "ಹೌದಾ. ತಾಯಿಯವರ ಹೊಲ್ದಲ್ಲಿ ನೀವು ಎಂತ ಮಾಡ್ತಾ ಇದ್ರಿ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಚಹಾದ ಲೋಟ ಹಿಡಿದು ಹೊರಟುಹೋದರು. ಹೆಗಡೆಯವರಿಗಾದರೆ ಸುಳ್ಳು ಹೇಳಿ ಪಾರಾಗಬಹುದಿತ್ತು, ಅವ್ವನಿಗೆ ಹಾಗಲ್ಲ.

ಸೋಮವಾರ ಅವ್ವ ಮೊಬೈಲು ಕೇಳಲೇ ಇಲ್ಲ. ಮಂಗಳವಾರ ಬೆಳಿಗ್ಗೆ ಚಹಾ ಕುಡಿದು ಕೈ ಒರೆಸಿಕೊಂಡು ನೋಡಿದಳು. ನಾನು ರಾತ್ರಿಯೇ ಪೈರು ಕಿತ್ತುಹಾಕಿ ಹೊಲ ಖಾಲಿ ಮಾಡಿ, ಏನೂ ಆಗಿಲ್ಲವೆಂಬಂತೆ ಇಡಬೇಕಾಗಿತ್ತು. ಮರೆತಿದ್ದೆ. ಬಂಪರ್ ಬೆಳೆ ಬರಲು ಎರಡು ದಿನ ಬೇಕು, ಅದು ಮೊಣಕಾಲೆತ್ತರಕ್ಕೆ ನಿಂತಿತ್ತು. ಅವ್ವ ಕನ್ನಡಕ ಏರಿಸಿ, ಬೆರಳಿನಿಂದ ಪರದೆಯನ್ನು ದೊಡ್ಡದು ಮಾಡಿ, ತುಂಬ ಹೊತ್ತು ನೋಡಿದಳು. "ಇದು ನಿನ್ನಿ ಹನ್ನೊಂದ ಹನ್ನೆರಡರ ಹೊತ್ತಿಗೆ ಬಿತ್ತಿದ ಬೆಳಿ" ಎಂದಳು. ನಾನು ಶಾಲೆಯ ಚೀಲದಲ್ಲಿ ಏನನ್ನೋ ಹುಡುಕತೊಡಗಿದೆ. "ನಿನ್ನಿ ಯಾ ವಾರಪಾ?" ಎಂದು ಕೇಳಿದಳು. ನಾನು ಹುಡುಕುವುದನ್ನು ಬಿಟ್ಟೆ. ಅವಳು ಮೊಬೈಲನ್ನು ನನ್ನ ಕೈಗೆ ಕೊಟ್ಟು, "ತಗೋ. ಸ್ವಾಮಾರ ಹೂಡಿದ ಹೊಲಾ ನನಗ ಬ್ಯಾಡ" ಎಂದು ಹಾಸಿಗೆಗೆ ಹೋದಳು.

ಹಾಗೆ ಹೋದವಳು ಏಳಲಿಲ್ಲ. ಊಟಕ್ಕೆ ಏಳುವಳು, ಬಚ್ಚಲಿಗೆ ಏಳುವಳು, ಅಷ್ಟೆ. ಹೊಲವೇ ಇಲ್ಲದ ಮೇಲೆ ಸುತ್ತು ಎಲ್ಲಿಯದು? ಐದು ದಿನಕ್ಕೆ ಮೂಲೆಯ ಕೋಲು ಮತ್ತೆ ಹೊರಬಂತು. ವ್ಯಾಯಾಮದವರು ಕಾಲು ಮಡಿಸಿ ನೋಡಿ, "ಇದೇನ್ರಿ, ಮತ್ತೆ ಬಿಗಿಯಾಕ ಹತ್ತೇತಿ" ಎಂದು ಮುಖ ಗಂಟಿಕ್ಕಿದರು. ಶೀಗೆ ಹುಣ್ಣಿಮೆಗೆ ಒಂದು ತಿಂಗಳೂ ಉಳಿದಿರಲಿಲ್ಲ. ಜೀವನವಿಡೀ ಗೇಮು ಬಿಡಿ ಬಿಡಿ ಎಂದು ಊರೂರು ತಿರುಗಿದವನು ಈಗ ಹೆತ್ತ ತಾಯಿಯ ಹಾಸಿಗೆಯ ಪಕ್ಕ ಕೂತು ಗೇಮು ಆಡು ಎಂದು ಅಂಗಲಾಚುತ್ತಿದ್ದೆ. ನನಗೆ ನಿಜವಾಗಿ ಹೆದರಿಕೆಯಾಗಿತ್ತು. ಒಂದು ಕೊಟ್ಟಿಗೆಯ ಚಿತ್ರಕ್ಕಾಗಿ ಅವ್ವನ ಕಾಲು ಕಳೆದೆನಲ್ಲ ಎಂದು ಪಾಠದ ನಡುವೆ ನೆನಪಾಗಿ, ಓದಿದ ಸಾಲನ್ನೇ ಮತ್ತೆ ಓದುತ್ತಿದ್ದೆ.

ಮಾಸ್ತರನಲ್ಲವೇ, ಮೊದಲು ತರ್ಕ ಮಾಡಿ ನೋಡಿದೆ. "ಅವ್ವಾ, ಅವು ಖರೇ ಎತ್ತು ಅಲ್ಲ, ಬರೇ ಚಿತ್ರ. ಅವಕ್ಕ ದಣಿವು ಇಲ್ಲ, ನೋವು ಇಲ್ಲ" ಎಂದೆ. ಅವ್ವ ಗೋಡೆಯ ಕಡೆಯಿಂದ ಈ ಕಡೆ ತಿರುಗಿದಳು. "ನಮ್ಮೂರ ಗುಡ್ಯಾಗ ಇರೂದೂ ಕಲ್ಲಿನ ಬಸವಣ್ಣ. ಅದಕ್ಕ ದಣಿವೈತೇನು? ಮತ್ಯಾಕ ಕೈ ಮುಗೀತಿ?" ಎಂ.ಎ. ಪರೀಕ್ಷೆಯಲ್ಲಿ ಇಂಥ ಪ್ರಶ್ನೆ ಬಂದಿದ್ದರೆ ನಾನು ಬೇರೆ ಪ್ರಶ್ನೆ ಆರಿಸಿಕೊಳ್ಳುತ್ತಿದ್ದೆ. ಅಡುಗೆಮನೆಯಿಂದ ಶೈಲಾ, "ವಾದಾ ಸಾಕು, ತಪ್ಪಾತು ಅನ್ರಿ" ಎಂದಳು. ಎಷ್ಟೋ ವರ್ಷದಿಂದ ಇತರರ ತಪ್ಪು ತಿದ್ದಿ ಅಭ್ಯಾಸವಾದವನಿಗೆ ಆ ಒಂದು ಶಬ್ದವೇ ಹೊಸ ಪಾಠವಾಗಿತ್ತು. "ತಪ್ಪಾತವ್ವಾ" ಎಂದೆ.

"ನನಗ್ಯಾಕ ಹೇಳತಿ? ಬಸ್ಯಾಗ, ಮಲ್ಯಾಗ ಹೇಳು" ಎಂದಳು ಅವ್ವ. ಆಮೇಲೆ ಎದ್ದು ಕೂತು, ಒಂದೊಂದಾಗಿ ಶಿಕ್ಷೆ ವಿಧಿಸಿದಳು. ಸೋಮವಾರ ಬಿತ್ತಿದ ಬೆಳೆಯನ್ನು ಮನೆಗೆ ಒಯ್ಯಬಾರದು, ಎಲ್ಲವನ್ನೂ ದನಕ್ಕೆ ಹಾಕಬೇಕು. ಕೊಟ್ಟಿಗೆ ಬೇಡ. ಬರುವ ಸೋಮವಾರ ಒಪ್ಪತ್ತು ಇದ್ದು, ದೇವರ ಜಗಲಿಯ ಮೇಲೆ ಮೊಬೈಲಿಟ್ಟು, ಎತ್ತಿಗೆ ವಿಭೂತಿ ಹಚ್ಚಿ, ಐದು ಸುತ್ತು ಹಾಕಬೇಕು. ದೇವರ ಕೋಣೆಯಲ್ಲಿ ಸುತ್ತು ಹಾಕಲು ಜಾಗವಿಲ್ಲ ಎಂದೆ. "ಮನಿ ಸುತ್ತ ಹಾಕು. ದೇವರು ಒಳಗ ಅದಾನಲ್ಲ" ಎಂದಳು.

ಆ ಸೋಮವಾರ ನಾನು ಶಾಲೆಗೆ ಅರ್ಧ ದಿನ ರಜೆ ಹಾಕಿದೆ. ಕಾರಣ ಎಂಬಲ್ಲಿ 'ಧಾರ್ಮಿಕ' ಎಂದು ಬರೆದೆ. ಮೊಬೈಲು ಲಿಂಗವಿಡುವ ಕರಡಿಗೆಯ ಪಕ್ಕ, ಸೇವಂತಿಗೆ ಹೂವಿನ ನಡುವೆ ಕೂತಿತು. ವಿಭೂತಿ ಹಚ್ಚಲು ಹೋದರೆ ಬೆರಳು ತಾಗಿ ಎತ್ತು ಉಳಲು ಹೊರಟುಬಿಟ್ಟಾವೆಂದು ಪ್ರೀತಿ ಅದರ ಮೇಲೆ ಪ್ಲಾಸ್ಟಿಕ್ ಹಾಳೆ ಹೊದಿಸಿದಳು. ನಾನು ಪಂಚೆ ಉಟ್ಟು ಮನೆ ಸುತ್ತತೊಡಗಿದೆ. ಎದುರು ಮನೆಯವರು ಗೇಟಿನ ಬಳಿ ನಿಂತು ನೋಡಿದರು. ಮೊದಲ ಸುತ್ತಿಗೇ ನನಗೆ ಏದುಸಿರು ಬಂತು. ಎರಡನೆಯ ಸುತ್ತಿನಲ್ಲಿ ಬಾವಿಯ ಕಡೆ ತಿರುಗುವಾಗ ಹಿಂದೆ ಕೋಲಿನ ಸದ್ದಾಯಿತು. ಅವ್ವ ಬಾಗಿಲಿನಿಂದ ಇಳಿದಿದ್ದಳು. "ಒಬ್ಬನ ಬಿಟ್ಟರ ನೀ ಮೂರಕ್ಕ ಐದು ಅಂತಿ" ಎಂದು ನನ್ನ ತೋಳು ಹಿಡಿದಳು. ಉಳಿದ ಸುತ್ತುಗಳನ್ನು ಇಬ್ಬರೂ ಹಾಕಿದೆವು. ನಾನು ಅವಳಿಗೆ ಆಧಾರವೋ, ಅವಳು ನನಗೋ, ನೋಡುವವರಿಗೆ ತಿಳಿದಿರಲಾರದು. ಮರುದಿನ ಮಂಗಳವಾರ, ಹನ್ನೊಂದಕ್ಕೆ ಶಿಕ್ಷಕರ ಕೋಣೆಯಲ್ಲಿ ನನ್ನ ಫೋನು ರಿಂಗಾಯಿತು. "ನೀರ ಬಿಟ್ಟೀಯೇನಪಾ?" ಇಷ್ಟು ವರ್ಷದ ನೌಕರಿಯಲ್ಲಿ ಯಾವ ಕರೆಗೂ ನಾನು ಅಷ್ಟು ಹಿಗ್ಗಿಲ್ಲ.

ಶೀಗೆ ಹುಣ್ಣಿಮೆಯ ದಿನ ಅವ್ವ ಕೋಲಿಲ್ಲದೆ ಬದುವಿನ ಮೇಲೆ ನಡೆದು ಹೊಲ ಮುಟ್ಟಿದಳು. ಬುತ್ತಿಯ ಗಂಟು ನನ್ನ ತಲೆಯ ಮೇಲಿತ್ತು. ಹೊಲದ ನಾಲ್ಕೂ ಮೂಲೆಗೆ ಅವಳೇ ನಿಂತು ಚರಗ ಚೆಲ್ಲಿದಳು. ನಾನು ತೆನೆ ಹಿಡಿದು ನೋಡಿ, "ಇದು ಎಷ್ಟು ತಾಸಿಗೆ ಕೊಯ್ಲಿಗೆ ಬರತೈತಿ?" ಎಂದು ಬಾಯಿ ತಪ್ಪಿ ಕೇಳಿಬಿಟ್ಟೆ. ಅಣ್ಣ ನನ್ನ ಮುಖ ನೋಡಿದ. ಅವ್ವ ಮಾತ್ರ, "ಕಲಿಯಾಕ ಹತ್ಯಾನ, ಬಿಡು" ಎಂದು ಹಳೆಯ ಧಾಟಿಯಲ್ಲೇ ಅಡ್ಡ ಬಂದಳು. ಸಂಜೆ ನಾವು ಹೊರಟಾಗ ಅವಳು ಬರಲಿಲ್ಲ. ಕಾಲು ನೆಟ್ಟಗಾಯಿತು, ಸುಗ್ಗಿ ಬಂತು, ಇನ್ನು ಇಸಳೂರಿನಲ್ಲಿ ಏನು ಕೆಲಸ ಎಂದಳು. ಮೊಬೈಲಿನ ಹೊಲದ ವಿಷಯ ಎತ್ತಲೇ ಇಲ್ಲ.

ವಾರ ಬಿಟ್ಟು ನಾನೇ ಫೋನು ಮಾಡಿದೆ. ಶೇಂಗಾ ಬಂದಿದೆ, ಮಲ್ಯಾಗೆ ಹೊಸ ಗೆಜ್ಜೆ ಸಿಕ್ಕಿದೆ ಎಂದು ಒಂದೇ ಉಸಿರಿಗೆ ಹೇಳಿದೆ. ಆ ಕಡೆ ಒಕ್ಕುವ ಯಂತ್ರದ ಸದ್ದು. ಅವ್ವ, "ಇನ್ನೂ ಅದನ್ನ ಹಿಡಕೊಂಡು ಕುಂತೀಯೇನೋ? ಇಲ್ಲೆ ಖರೇ ಹೊಲಾ ಬಿದ್ದೈತಿ. ಓದಿದಾವ ಇದ್ದಿ, ಸುಮ್ಮ ಟೈಮ್ ಹಾಳ ಮಾಡಬ್ಯಾಡಪಾ" ಎಂದಳು. ನನ್ನ ಮುಕ್ಕಾಲು ತಾಸಿನ ಭಾಷಣವನ್ನು ಅವಳು ಅರ್ಧ ನಿಮಿಷದಲ್ಲಿ ಮುಗಿಸಿ ಫೋನು ಇಟ್ಟಳು.

ಬಿಡಬೇಕು ಎಂದುಕೊಂಡಿದ್ದೇನೆ. ಪ್ರೀತಿಯ ಪರೀಕ್ಷೆ ಮುಗಿಯಲಿ, ಈ ಬೆಳೆಯೊಂದು ಕೈಗೆ ಬರಲಿ ಎಂದು ದಿನ ತಳ್ಳುತ್ತಿದ್ದೇನೆ. ಭಾಷಣಕ್ಕೆ ಈಗಲೂ ಕರೆಯುತ್ತಾರೆ. ಮೊನ್ನೆ ಸಿದ್ದಾಪುರದಿಂದ ಬಂದವರು ಗುರುವಾರ ಕಾರ್ಯಕ್ರಮ ಎಂದರು, ವಿಷಯ ಅದೇ, ಟೀವಿ ಮತ್ತು ಗೇಮಿನಿಂದ ಸಮಯ ಹಾಳು. ಗುರುವಾರ ನನಗೆ ತುಂಬ ಕೆಲಸವಿದೆ ಎಂದೆ. ಯಾವಾಗ ಬಿಡುವು ಎಂದು ಕೇಳಿದರು. ಸೋಮವಾರ ಇಟ್ಟುಕೊಳ್ಳಿ, ಆ ದಿನ ನಮ್ಮ ಎತ್ತುಗಳಿಗೆ ರಜೆ ಎಂದು ಹೇಳಿ ಕಳಿಸಿದ್ದೇನೆ.